ಖಳನಿಗೆ ಮರುಗುವುದು

ಸಿನಿಮಾ ಮುಗಿದ ಮೇಲೆ ನಡೆಯುವ ಮಾತುಕತೆಯಲ್ಲಿ ಯಾರಾದರೊಬ್ಬರು ‘ಪಾಪ, ಆ ಖಳನಾಯಕನದ್ದಾದರೂ ಏನು ತಪ್ಪು’ ಎಂದರೆ ಸಾಕು, ಇನ್ನೊಬ್ಬರು ‘ಹಾಗಾದರೆ ಅವನು ಮಾಡಿದ್ದೆಲ್ಲ ಸರಿಯೇ’ ಎಂದು ಕೇಳಿಯೇ ಕೇಳುತ್ತಾರೆ. ವಾದ ಹತ್ತಿಕೊಂಡು, ಕೊನೆಗೆ ಒಬ್ಬರು ಕಲ್ಲೆದೆಯವರೆಂದೂ ಇನ್ನೊಬ್ಬರು ದಾರಿ ತಪ್ಪಿದವರೆಂದೂ ಪರಸ್ಪರ ತೀರ್ಮಾನವಾಗುತ್ತದೆ. ನನಗೆ ಈ ವಾದದ ಎರಡೂ ಕಡೆಯವರು ಒಂದೇ ತಪ್ಪು ತಿಳಿವಳಿಕೆಯ ಮೇಲೆ ನಿಂತಂತೆ ಕಾಣುತ್ತಾರೆ. ಒಬ್ಬನಿಗಾಗಿ ಮರುಗಬೇಕಾದರೆ ಅವನ ತಪ್ಪಿನ ತೂಕವನ್ನು ಮೊದಲು ಇಳಿಸಿಕೊಳ್ಳಬೇಕು ಎಂದು ಇಬ್ಬರೂ ನಂಬಿದ್ದಾರೆ. ಒಬ್ಬರು ಇಳಿಸಲು ಸಿದ್ಧರಿದ್ದಾರೆ, ಇನ್ನೊಬ್ಬರು ಸಿದ್ಧರಿಲ್ಲ, ವ್ಯತ್ಯಾಸ ಅಷ್ಟೇ. ಆದರೆ ಓದಿದ, ನೋಡಿದ ಕೃತಿಗಳಲ್ಲಿ ನನ್ನನ್ನು ನಿಜವಾಗಿ ಕಾಡಿದ ಖಳರಲ್ಲಿ ಯಾರ ತಪ್ಪನ್ನೂ ಆ ಕೃತಿ ಹಗುರ ಮಾಡಿರಲಿಲ್ಲ.

ಈ ವಿಷಯದಲ್ಲಿ ಕನ್ನಡದ ಓದುಗರಿಗೆ ಸಾವಿರ ವರ್ಷಗಳ ಅನುಕೂಲವೊಂದಿದೆ. ಹತ್ತನೆಯ ಶತಮಾನದ ಕೊನೆಯ ಭಾಗದ ಕವಿ ರನ್ನ ‘ಗದಾಯುದ್ಧ’ವನ್ನು ಬರೆದದ್ದು ತನ್ನ ಆಶ್ರಯದಾತನಾದ ಚಾಳುಕ್ಯರ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಹೊಗಳುವುದಕ್ಕಾಗಿ. ಕೃತಿಯ ಇನ್ನೊಂದು ಹೆಸರೇ ‘ಸಾಹಸಭೀಮ ವಿಜಯ’. ಅಂದರೆ ಕಾವ್ಯದ ನಾಯಕ ಯಾರು, ಗೆಲ್ಲಬೇಕಾದವನು ಯಾರು, ಸಂಭಾವನೆ ಎಲ್ಲಿಂದ ಬರುತ್ತದೆ ಎಂಬುದರಲ್ಲಿ ಯಾವ ಗೊಂದಲವೂ ಇಲ್ಲ. ಹಾಗಿದ್ದೂ ಆ ಕಾವ್ಯವನ್ನು ಓದಿ ಮುಗಿಸಿದವರ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ. ಯುದ್ಧ ಬಹುಪಾಲು ಮುಗಿದಿದೆ; ಹನ್ನೊಂದು ಅಕ್ಷೋಹಿಣಿಯ ಒಡೆಯನಾಗಿದ್ದವನು ಈಗ ಗದೆಯನ್ನು ಹಿಡಿದು, ಸಂಜಯನ ಜೊತೆಗೆ, ಹೆಣಗಳ ನಡುವೆ ದಾರಿ ಮಾಡಿಕೊಂಡು ಶರಶಯ್ಯೆಯ ಭೀಷ್ಮನನ್ನು ಕಾಣಲು ಹೊರಟಿದ್ದಾನೆ. ದಾರಿಯುದ್ದಕ್ಕೂ ಸಿಗುವವರು ತನ್ನವರೇ. ದ್ರೋಣನ ದೇಹ, ಮಗ ಲಕ್ಷಣಕುಮಾರನ ದೇಹ, ತಮ್ಮ ದುಶ್ಶಾಸನನ ದೇಹ. ತಾಯಿಯ ಹಾಲನ್ನು ಮೊದಲು ನಾನುಂಡೆ, ಆಮೇಲೆ ನೀನು. ಎಲ್ಲದರಲ್ಲೂ ನನ್ನ ಹಿಂದೆಯೇ ಬಂದವನು ಸಾವಿನಲ್ಲಿ ಮಾತ್ರ ಮುಂದಾದೆಯಲ್ಲ ಎಂದು ತಮ್ಮನ ಮುಂದೆ ನಿಂತು ಹಲುಬುತ್ತಾನೆ. ಕರ್ಣನ ದೇಹದ ಮುಂದಂತೂ ಅವನ ಮಾತು ರಾಜನ ಮಾತಾಗಿ ಉಳಿಯುವುದಿಲ್ಲ. ನೀನಿದ್ದರೆ ರಾಜ್ಯ, ನೀನಿದ್ದರೆ ಪಟ್ಟ ಎಂದು ಗೆಳೆಯನೊಬ್ಬನ ಮಾತಾಗಿಬಿಡುತ್ತದೆ.

ಇದೇ ದಾರಿಯಲ್ಲಿ ಶತ್ರುವಿನ ಮಗ ಅಭಿಮನ್ಯುವಿನ ದೇಹವೂ ಇದೆ. ಹಲವರು ಸುತ್ತುವರಿದು ಕೊಂದ ಹುಡುಗ ಅವನು. ಕೊಲ್ಲಿಸಿದ ಪಕ್ಷದ ಒಡೆಯ ಈ ದುರ್ಯೋಧನನೇ. ಅವನು ಅಲ್ಲಿ ಕೈಮುಗಿದು, ನಿನ್ನಂಥ ಪರಾಕ್ರಮ ಬೇರೆಯವರಿಗೆ ಅಸಾಧ್ಯ, ನಿನ್ನ ಸಾಹಸದ ಒಂದು ಪಾಲಿನಷ್ಟಾದರೂ ಇರುವ ಸಾವು ನನಗೆ ಸಿಗಲಿ ಎಂದು ಬೇಡಿಕೊಳ್ಳುತ್ತಾನೆ. ಈ ಪದ್ಯವನ್ನು ಎಷ್ಟು ಸಲ ಓದಿದರೂ ನನಗೆ ಎರಡು ಭಾವಗಳು ಒಟ್ಟಿಗೇ ಬರುತ್ತವೆ. ಎಂಥ ದೊಡ್ಡ ಮನಸ್ಸು ಎನ್ನಿಸುತ್ತದೆ. ಇಷ್ಟು ದೊಡ್ಡ ಮನಸ್ಸಿದ್ದವನು ಆ ದಿನ ಅದನ್ನು ಎಲ್ಲಿಟ್ಟಿದ್ದ ಎಂಬ ಸಿಟ್ಟೂ ಬರುತ್ತದೆ. ರನ್ನ ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎನ್ನುವುದಿಲ್ಲ. ತಂದೆತಾಯಿಗಳು ಸಂಧಿ ಮಾಡಿಕೊಳ್ಳೆಂದು ಬೇಡಿದರೂ ದುರ್ಯೋಧನ ಒಪ್ಪುವುದಿಲ್ಲ. ನಾನು ಹೋರಾಡುತ್ತಿರುವುದು ನೆಲಕ್ಕಲ್ಲ, ಛಲಕ್ಕೆ, ಕರ್ಣನನ್ನು ಕೊಲ್ಲಿಸಿದ ಈ ನೆಲ ನನಗೆ ಹಾಳುನೆಲ ಎನ್ನುತ್ತಾನೆ. ಅವನು ಮಾಡಿದ ಒಂದೇ ಒಂದು ಅಪರಾಧವನ್ನೂ ಕವಿ ಅಳಿಸಿಲ್ಲ, ಕ್ಷಮಿಸಿಯೂ ಇಲ್ಲ. ಬದಲಿಗೆ ದ್ರೌಪದಿಯ ಮಾತನ್ನು ಕಾವ್ಯದ ಆರಂಭದಲ್ಲೇ ಇಟ್ಟಿದ್ದಾನೆ. ಅವಳ ಅವಮಾನದ ನೆನಪನ್ನು ಹೊತ್ತುಕೊಂಡೇ ನಾವು ದುರ್ಯೋಧನನ ದುಃಖದ ಬಳಿಗೆ ಹೋಗಬೇಕು. (ಪಂಪನೂ ಈ ದಾರಿಯಲ್ಲಿ ಮೊದಲೇ ನಡೆದಿದ್ದ. 941ರ ‘ವಿಕ್ರಮಾರ್ಜುನ ವಿಜಯ’ದ ಕೊನೆಯಲ್ಲಿ ಭಾರತದ ವೀರರನ್ನು ಒಬ್ಬೊಬ್ಬರ ಗುಣದೊಡನೆ ಪಟ್ಟಿ ಮಾಡುವಾಗ ಅವನು ಶುರುಮಾಡುವುದೇ ‘ಚಲದೊಳ್ ದುರ್ಯೋಧನಂ’ ಎಂದು. ಅರ್ಜುನನನ್ನು ನಾಯಕನನ್ನಾಗಿಸಿ ಬರೆದ ಕಾವ್ಯದಲ್ಲಿ ಇದು ಸಣ್ಣ ಸಂಗತಿಯಲ್ಲ.)

ಮರುಕ ಹುಟ್ಟುವ ಬಗೆಯನ್ನು ಸ್ವಲ್ಪ ತಣ್ಣಗೆ ನೋಡಿದರೆ, ಅದರಲ್ಲಿ ನೀತಿಗಿಂತ ಕಸುಬಿನ ಪಾಲು ಹೆಚ್ಚು ಎಂಬುದು ಗೊತ್ತಾಗುತ್ತದೆ. ಹಿಚ್‌ಕಾಕ್‌ನ ‘ಸೈಕೋ’ (1960) ಸಿನಿಮಾದಲ್ಲಿ ನಾರ್ಮನ್ ಬೇಟ್ಸ್ ಎಂಬ ಯುವಕ ಕೊಲೆಯಾದ ಹೆಂಗಸಿನ ದೇಹವನ್ನು ಅವಳದೇ ಕಾರಿನಲ್ಲಿಟ್ಟು ಜೌಗು ನೀರಿಗೆ ತಳ್ಳುತ್ತಾನೆ. ಅದುವರೆಗೆ ನಾವು ಮನಸ್ಸಿಟ್ಟು ಹಿಂಬಾಲಿಸಿದ್ದು ಆ ಹೆಂಗಸನ್ನು. ಕಾರು ಮುಳುಗುತ್ತಾ ಮುಳುಗುತ್ತಾ ಅರ್ಧಕ್ಕೆ ನಿಂತುಬಿಡುತ್ತದೆ. ನಾರ್ಮನ್ ಗಾಬರಿಯಿಂದ ಆಚೆ ಈಚೆ ನೋಡುತ್ತಾನೆ. ನೋಡುವ ನಮ್ಮ ಉಸಿರೂ ನಿಲ್ಲುತ್ತದೆ. ಆಮೇಲೆ ಕಾರು ಮತ್ತೆ ಮುಳುಗಿದಾಗ ನಮಗಾಗುವುದು ಸಮಾಧಾನ. ಅವನು ತಾಯಿ ಮಾಡಿದ ಕೊಲೆಯನ್ನು ಮುಚ್ಚಿಡುತ್ತಿದ್ದಾನೆಂದು ಆ ಹೊತ್ತಿಗೆ ನಾವು ನಂಬಿರುತ್ತೇವೆ, ನಿಜ. ಆದರೆ ಸಾಕ್ಷ್ಯ ನಾಶವಾಗಲೆಂದು ನಾವೇಕೆ ಬಯಸಬೇಕು? ಅವನ ಬಾಲ್ಯದ ಬಗ್ಗೆ ಒಂದೆರಡು ಮಾತಷ್ಟೇ ಕೇಳಿದ್ದೇವೆ, ಅವನ ಪರವಾಗಿ ಯಾವ ವಾದವನ್ನೂ ಮಂಡಿಸಿಲ್ಲ. ಒಬ್ಬ ಮನುಷ್ಯ ಕಷ್ಟದ ಕೆಲಸವೊಂದನ್ನು ಶ್ರದ್ಧೆಯಿಂದ ಮಾಡುವುದನ್ನು ಹತ್ತಿರದಿಂದ, ಅವಸರವಿಲ್ಲದೆ ತೋರಿಸಿದ್ದಾರೆ, ಅಷ್ಟೇ. ಕೆಲಸ ಯಾವುದೇ ಆಗಿರಲಿ, ಅದು ಪೂರ್ಣವಾಗಲಿ ಎಂದು ನೋಡುಗನ ಮನಸ್ಸು ಬಯಸತೊಡಗುತ್ತದೆ.

ಸಿನಿಮಾ ಅಧ್ಯಯನಕಾರ ಮರ್ರೆ ಸ್ಮಿತ್ 1995ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ ಮಾಡಿದ ವಿಂಗಡಣೆ ಇಲ್ಲಿ ನನಗೆ ಉಪಯುಕ್ತವೆನಿಸಿದೆ. ಕಥೆ ನಮ್ಮನ್ನು ಯಾರ ಬೆನ್ನಿಗೆ ಬಿಟ್ಟಿದೆ, ಯಾರ ಕಣ್ಣಿನಿಂದ ತೋರಿಸುತ್ತಿದೆ, ಯಾರ ಮನಸ್ಸಿನೊಳಗೆ ಬಿಡುತ್ತಿದೆ ಎಂಬುದು ಒಂದು. ನಾವು ನೈತಿಕವಾಗಿ ಯಾರ ಪಕ್ಷ ವಹಿಸುತ್ತೇವೆ ಎಂಬುದು ಇನ್ನೊಂದು. ಮೊದಲನೆಯದು ಎರಡನೆಯದಕ್ಕೆ ದಾರಿ ಮಾಡಿಕೊಡಬಹುದು, ಆದರೆ ಎರಡೂ ಒಂದೇ ಅಲ್ಲ. ‘ಮ್ಯಾಕ್‌ಬೆತ್’ ನಾಟಕವನ್ನು ಈ ಕಣ್ಣಿನಿಂದ ನೋಡಿದರೆ ಶೇಕ್ಸ್‌ಪಿಯರನ ಲೆಕ್ಕಾಚಾರ ಎಷ್ಟು ಸೂಕ್ಷ್ಮವಾದದ್ದು ಎಂದು ಗೊತ್ತಾಗುತ್ತದೆ. ಮ್ಯಾಕ್‌ಬೆತ್ ತನ್ನ ಕೈಯಾರೆ ಡಂಕನ್ ದೊರೆಯನ್ನು ಕೊಲ್ಲುವುದು ರಂಗದ ಮೇಲೆ ನಡೆಯುವುದೇ ಇಲ್ಲ. ನಮಗೆ ಕಾಣುವುದು ಕೊಂದು ಬಂದವನ ರಕ್ತಸಿಕ್ತ ಕೈ ಮತ್ತು ದೇವರ ಹೆಸರಿಗೆ ‘ಆಮೆನ್’ ಎನ್ನಲು ಗಂಟಲು ಕಟ್ಟಿದ್ದನ್ನು ಹೇಳಿಕೊಂಡು ನಡುಗುವ ಅವನ ಮಾತು. ಮ್ಯಾಕ್‌ಡಫ್‌ನ ಮಗನನ್ನು ರಂಗದ ಮೇಲೆಯೇ ಕೊಲ್ಲಲಾಗುತ್ತದೆ, ಆದರೆ ಆಗ ಮ್ಯಾಕ್‌ಬೆತ್ ಅಲ್ಲಿರುವುದಿಲ್ಲ, ಬಾಡಿಗೆ ಕೊಲೆಗಾರರಿರುತ್ತಾರೆ. ಅವನ ಯಾವ ಪಾತಕವೂ ಮುಚ್ಚಿಹೋಗಿಲ್ಲ. ಆದರೂ ಅವನ ಮುಖ ಮತ್ತು ಅವನ ಅತ್ಯಂತ ಹೇಯ ಕೃತ್ಯ ಒಂದೇ ನೋಟದಲ್ಲಿ ಕಾಣದಂತೆ ನಾಟಕಕಾರ ನೋಡಿಕೊಂಡಿದ್ದಾನೆ.

ಮರುಕವೆಂದರೆ ಮಾಫಿಯೇ ಎಂದು ನಂಬಿದವರು ಕಾನೂನನ್ನೇ ಮಾಡಿದ್ದೂ ಉಂಟು. ಹಾಲಿವುಡ್ ತನಗೆ ತಾನೇ ಹಾಕಿಕೊಂಡ ‘ಹೇಸ್ ಸಂಹಿತೆ’ 1930ರಲ್ಲಿ ರೂಪುಗೊಂಡು, 1934ರಿಂದ ಕಟ್ಟುನಿಟ್ಟಾಗಿ ಜಾರಿಗೆ ಬಂದು, 1968ರವರೆಗೆ ಹೆಸರಿಗಾದರೂ ಉಳಿದುಕೊಂಡಿತ್ತು. ಪ್ರೇಕ್ಷಕರ ಸಹಾನುಭೂತಿ ಅಪರಾಧ, ಕೇಡು, ಪಾಪಗಳ ಕಡೆಗೆ ಎಂದೂ ವಾಲಬಾರದು ಎಂಬುದು ಅದರ ಮೊದಲ ತತ್ವದಲ್ಲೇ ಇತ್ತು. ಪರಿಣಾಮವಾಗಿ ಕೇಡಿಗಳೆಲ್ಲ ಕೊನೆಯ ರೀಲಿನಲ್ಲಿ ಸಾಯತೊಡಗಿದರು ಅಥವಾ ಸೆರೆಯಾಗತೊಡಗಿದರು. ರಂಗದ ಮೇಲೆ ಬದುಕಿ ಉಳಿದಿದ್ದ ಕೊಲೆಗಾರ ಬಾಲಕಿಯೊಬ್ಬಳನ್ನು, ಆ ನಾಟಕ 1956ರಲ್ಲಿ ‘ದ ಬ್ಯಾಡ್ ಸೀಡ್’ ಸಿನಿಮಾ ಆದಾಗ, ಸಿಡಿಲು ಬಡಿದು ಸಾಯಿಸಬೇಕಾಯಿತು. ದೇವರೇ ಸೆನ್ಸಾರ್ ಮಂಡಳಿಯ ಸದಸ್ಯನಾದಂತೆ ಕಾಣುವ ಈ ಮುಕ್ತಾಯ ನನಗೆ ಈಗಲೂ ನಗು ತರಿಸುತ್ತದೆ.

ಆದರೆ ಸಂಹಿತೆಯ ಅಡಿಯಲ್ಲೇ ತಯಾರಾದ ‘ಏಂಜಲ್ಸ್ ವಿತ್ ಡರ್ಟಿ ಫೇಸಸ್’ (1938) ಈ ಕಾನೂನಿನ ನಿರರ್ಥಕತೆಯನ್ನು ಕಾನೂನನ್ನು ಮುರಿಯದೆಯೇ ತೋರಿಸಿಕೊಟ್ಟಿತು. ಜೇಮ್ಸ್ ಕ್ಯಾಗ್ನಿ ಅದರಲ್ಲಿ ರಾಕಿ ಎಂಬ ಗೂಂಡಾ, ಮರಣದಂಡನೆಗೆ ಗುರಿಯಾಗಿದ್ದಾನೆ. ಬೀದಿಯ ಹುಡುಗರಿಗೆ ಅವನೇ ಆರಾಧ್ಯದೈವ. ಬಾಲ್ಯದ ಗೆಳೆಯನಾಗಿದ್ದು ಈಗ ಪಾದ್ರಿಯಾಗಿರುವವನು ಕಡೆಯ ಗಳಿಗೆಯಲ್ಲಿ ಬಂದು, ನೀನು ಹೇಡಿಯಂತೆ ಅಳುತ್ತಾ ಸಾಯಬೇಕು, ಆಗ ಹುಡುಗರು ನಿನ್ನ ದಾರಿ ಹಿಡಿಯುವುದಿಲ್ಲ ಎಂದು ಬೇಡುತ್ತಾನೆ. ತನಗೆ ಉಳಿದಿರುವುದು ಅದೊಂದೇ ಎಂದು ರಾಕಿ ನಿರಾಕರಿಸುತ್ತಾನೆ. ಆದರೆ ಮರಣದಂಡನೆಯ ವಿದ್ಯುತ್ ಕುರ್ಚಿಯ ಹತ್ತಿರ ಹೋದಾಗ ಗೋಗರೆದು ಕಿರುಚುತ್ತಾನೆ. ನಿಜವಾಗಿ ಹೆದರಿದನೋ, ಗೆಳೆಯನಿಗಾಗಿ ನಟಿಸಿದನೋ ಎಂಬುದನ್ನು ಸಿನಿಮಾ ಹೇಳುವುದಿಲ್ಲ. ಹುಡುಗರ ಕಣ್ಣಿನಲ್ಲಿ ಅವನು ಸಣ್ಣವನಾದ, ಸಂಹಿತೆ ಗೆದ್ದಿತು. ನಮ್ಮ ಕಣ್ಣಿನಲ್ಲಿ ಅವನು ಆ ಒಂದು ನಿಮಿಷದಲ್ಲಿ ಬೆಳೆದಷ್ಟು ಉಳಿದ ಇಡೀ ಸಿನಿಮಾದಲ್ಲಿ ಬೆಳೆದಿರಲಿಲ್ಲ. ಅವನು ಕೊಲೆಗಾರನಲ್ಲ ಎಂದು ನಮಗೆ ಆಗಲೂ ಅನ್ನಿಸುವುದಿಲ್ಲ.

ಈಚಿನ ಸಿನಿಮಾಗಳು ಹಿಡಿದಿರುವ ದಾರಿ ಇದಕ್ಕೆ ತದ್ವಿರುದ್ಧವಾದದ್ದು, ಆದರೆ ಅದರ ಬುಡದಲ್ಲಿರುವ ನಂಬಿಕೆ ಅದೇ. ಖಳನಿಗೆ ಒಂದು ಹಿನ್ನೆಲೆ ಕೊಡುವುದು ಈಗ ಕಡ್ಡಾಯವೆಂಬಂತಾಗಿದೆ: ಬಾಲ್ಯದಲ್ಲಿ ಹೊಡೆತ, ಪ್ರೀತಿಯಲ್ಲಿ ದ್ರೋಹ, ಸಮಾಜದ ತಿರಸ್ಕಾರ. 1959ರ ‘ಸ್ಲೀಪಿಂಗ್ ಬ್ಯೂಟಿ’ಯಲ್ಲಿ ಆಮಂತ್ರಣ ಬಾರದ ಸಿಟ್ಟಿಗೇ ಕೂಸಿಗೆ ಶಾಪ ಕೊಟ್ಟ ಮಲೆಫಿಸೆಂಟ್, 2014ರ ಸಿನಿಮಾದಲ್ಲಿ ನಂಬಿದವನು ರೆಕ್ಕೆ ಕತ್ತರಿಸಿಕೊಂಡು ಹೋದ ನೊಂದ ಹೆಣ್ಣಾಗಿದ್ದಾಳೆ. 2019ರ ‘ಜೋಕರ್’ನಲ್ಲಿ ಆರ್ಥರ್‌ಗೆ ಬಿದ್ದ ಒಂದೊಂದು ಪೆಟ್ಟನ್ನೂ ಲೆಕ್ಕ ಇಟ್ಟಂತೆ ತೋರಿಸಲಾಗಿದೆ, ವಾಕೀನ್ ಫೀನಿಕ್ಸ್‌ನ ಅಭಿನಯ ಆಸ್ಕರ್‌ಗೆ ಯೋಗ್ಯವಾದದ್ದೇ, ಆದರೆ ಚಿತ್ರಕಥೆ ಮಾತ್ರ ವಕೀಲರು ಸಿದ್ಧಪಡಿಸಿದ ಅರ್ಜಿಯಂತೆ ನನಗೆ ಕಂಡಿತು. ಗಾಯವನ್ನು ತೋರಿಸಬಾರದು ಎನ್ನುತ್ತಿಲ್ಲ. ಗಾಯವೇ ಎಲ್ಲವನ್ನೂ ವಿವರಿಸುತ್ತದೆ ಎಂದಾದಾಗ ಆ ವ್ಯಕ್ತಿಯೇ ಮಾಯವಾಗುತ್ತಾನೆ. ಅವನು ಏನನ್ನೂ ಆರಿಸಿಕೊಂಡಿಲ್ಲ, ಎಲ್ಲವೂ ಅವನ ಮೇಲೆ ಬಂದೆರಗಿತು ಎಂದಾಗುತ್ತದೆ. ನೊಂದವನ ಬಗ್ಗೆ ಕನಿಕರ ಬರುತ್ತದೆ, ಬರಲೇಬೇಕು, ಆದರೆ ಅದು ಖಳನಿಗೆ ಮರುಗಿದಂತಾಗಲಿಲ್ಲ. ಅವನು ಖಳನೇ ಅಲ್ಲವೆಂದು ಒಪ್ಪಿಸಿ ಮರುಗಿಸಿದಂತಾಯಿತು.

ನಮ್ಮ ಪುರಾಣಕಾರರು ಹಿನ್ನೆಲೆಯ ವಿಷಯದಲ್ಲಿ ಯಾವ ಚಿತ್ರಕಥೆಗಾರರಿಗೂ ಕಡಿಮೆಯಿರಲಿಲ್ಲ. ಹಿರಣ್ಯಾಕ್ಷ ಹಿರಣ್ಯಕಶಿಪು, ರಾವಣ ಕುಂಭಕರ್ಣ, ಶಿಶುಪಾಲ ದಂತವಕ್ರ, ಇವರೆಲ್ಲ ವೈಕುಂಠದ ದ್ವಾರಪಾಲಕರಾದ ಜಯ ವಿಜಯರೇ. ಮುನಿಗಳ ಶಾಪ, ಬೇಗ ಮರಳಬೇಕೆಂಬ ಆಸೆಯಿಂದ ಭಕ್ತರಾಗಿ ಏಳು ಜನ್ಮಕ್ಕಿಂತ ವೈರಿಗಳಾಗಿ ಮೂರು ಜನ್ಮವೇ ಸಾಕೆಂದು ಆರಿಸಿಕೊಂಡವರು. ಇದಕ್ಕಿಂತ ಪೂರ್ಣವಾದ ಸಮಜಾಯಿಷಿ ಯಾವ ಖಳನಿಗೆ ಸಿಕ್ಕೀತು? ಆದರೂ ಈ ಶಾಪದ ಕಥೆಯನ್ನು ಕೇಳಿ ಹಿರಣ್ಯಕಶಿಪುವಿಗಾಗಿ ಕಣ್ಣೊದ್ದೆ ಮಾಡಿಕೊಂಡವರನ್ನು ನಾನು ಕಂಡಿಲ್ಲ. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ರಾಜಕುಮಾರ್ ಆ ಪಾತ್ರ ಮಾಡಿದಾಗ ನಮ್ಮನ್ನು ತಟ್ಟಿದ್ದು ವೈಕುಂಠದ ಬಾಗಿಲಲ್ಲ. ಮಗನನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕೆಂಬ ಆಸೆಯೂ, ಆ ಮಗನ ಬಾಯಿಂದ ತನ್ನ ತಮ್ಮನನ್ನು ಕೊಂದವನ ಹೆಸರನ್ನೇ ಕೇಳಬೇಕಾದ ಸಂಕಟವೂ ಒಂದೇ ದೇಹದಲ್ಲಿ ಇರುವ ತಂದೆಯೊಬ್ಬ ನಮ್ಮನ್ನು ತಟ್ಟಿದ. ಅವನು ಮಗುವನ್ನು ಬೆಟ್ಟದಿಂದ ತಳ್ಳಿಸುತ್ತಾನೆ, ವಿಷ ಕುಡಿಸುತ್ತಾನೆ. ಕ್ಷಮೆಯ ಮಾತೇ ಇಲ್ಲ. ಪ್ರಹ್ಲಾದನಾಗಿ ಎದುರು ನಿಂತವನು ನಟನ ಸ್ವಂತ ಮಗ ಪುನೀತ್ ಎಂಬುದು ಪ್ರೇಕ್ಷಕರಿಗೆಲ್ಲ ಗೊತ್ತಿದ್ದುದರಿಂದ ಆ ಸಂಕಟಕ್ಕೆ ಇನ್ನೊಂದು ಪದರ ಸೇರಿಕೊಂಡಿತ್ತು ಎನ್ನುವುದನ್ನೂ ಒಪ್ಪಿಕೊಳ್ಳಬೇಕು.

ಹತ್ತಿರದಿಂದ ಕಂಡವರಿಗೆಲ್ಲ ನಾವು ಮರುಗುತ್ತೇವೆ ಎಂದೂ ಅಲ್ಲ. ‘ಒಥೆಲೊ’ ನಾಟಕದ ಇಯಾಗೊ ನಮ್ಮೊಡನೆ ನೇರವಾಗಿ ಮಾತನಾಡುವಷ್ಟು ಒಥೆಲೊ ಕೂಡ ಮಾತನಾಡುವುದಿಲ್ಲ. ತನ್ನ ಸಂಚನ್ನು ನಮಗೇ ಮೊದಲು ತಿಳಿಸುತ್ತಾನೆ, ಕಾರಣಗಳನ್ನೂ ಕೊಡುತ್ತಾನೆ: ಸಿಗಬೇಕಾದ ಹುದ್ದೆ ತಪ್ಪಿತು, ಹೆಂಡತಿಯ ಮೇಲೆ ಸಂಶಯವಿದೆ. ಕಾರಣಗಳು ಹೆಚ್ಚಾದಷ್ಟೂ ಅವುಗಳ ಮೇಲಿನ ನಂಬಿಕೆ ಕಡಿಮೆಯಾಗುತ್ತದೆ. ಅವನ ಜಾಣತನವನ್ನು ಮೆಚ್ಚಬಹುದು, ಅವನೊಂದಿಗೆ ಹೊತ್ತು ಕಳೆಯುವುದು ರೋಚಕವೂ ಹೌದು, ಆದರೆ ಅವನಿಗಾಗಿ ಎದೆ ಭಾರವಾಗುವುದಿಲ್ಲ. ಸಿಕ್ಕಿಬಿದ್ದ ಮೇಲೆ, ಇನ್ನು ಒಂದು ಮಾತೂ ಆಡುವುದಿಲ್ಲ ಎಂದು ಬಾಯಿ ಮುಚ್ಚಿಕೊಳ್ಳುತ್ತಾನೆ. ಆ ಮೌನದ ಹಿಂದೆ ಕಳೆದುಹೋದ ವಸ್ತು ಯಾವುದೂ ಇಲ್ಲ. ದುರ್ಯೋಧನನಿಗೆ ಕರ್ಣನಿದ್ದ, ಹಿರಣ್ಯಕಶಿಪುವಿಗೆ ಮಗನಿದ್ದ, ಮ್ಯಾಕ್‌ಬೆತ್‌ಗೆ ಒಂದು ಕಾಲದಲ್ಲಿ ನೆಮ್ಮದಿಯ ನಿದ್ದೆಯಾದರೂ ಇತ್ತು. ತನ್ನ ಕೇಡಿನಿಂದಲೇ ಕಳೆದುಕೊಳ್ಳಬಹುದಾದದ್ದು ಏನೋ ಒಂದು ಇದ್ದವನಿಗೆ ಮಾತ್ರ ನಾವು ಮರುಗುತ್ತೇವೆ ಎಂದು ನನಗನ್ನಿಸುತ್ತದೆ.

ಖಳನೊಂದಿಗೆ ಕಳೆಯುವ ಹೊತ್ತು ಬೇರೆ ಯಾರಿಂದಲೋ ಕಿತ್ತುಕೊಂಡ ಹೊತ್ತೂ ಆಗಿರುತ್ತದೆ, ಮತ್ತು ಅದು ಬಹುತೇಕ ಅವನಿಂದ ಪೆಟ್ಟು ತಿಂದವರ ಪಾಲಿನದು. 2008ರಿಂದ 2013ರವರೆಗೆ ಪ್ರಸಾರವಾದ ‘ಬ್ರೇಕಿಂಗ್ ಬ್ಯಾಡ್’ ಧಾರಾವಾಹಿಯಲ್ಲಿ ಕ್ಯಾನ್ಸರ್‌ಗೆ ತುತ್ತಾದ ರಸಾಯನಶಾಸ್ತ್ರದ ಮೇಷ್ಟ್ರು ವಾಲ್ಟರ್ ವೈಟ್ ಮಾದಕದ್ರವ್ಯ ತಯಾರಕನಾಗಿ, ಸಾಯುತ್ತಿರುವ ಹುಡುಗಿಯೊಬ್ಬಳನ್ನು ಉಳಿಸಬಹುದಾಗಿದ್ದೂ ನೋಡುತ್ತಾ ನಿಲ್ಲುವ ಮಟ್ಟಕ್ಕೆ ಇಳಿಯುತ್ತಾನೆ. ಪ್ರೇಕ್ಷಕರಲ್ಲಿ ಅನೇಕರ ಸಿಟ್ಟು ತಿರುಗಿದ್ದು ಅವನ ಮೇಲಲ್ಲ, ಅವನನ್ನು ತಡೆಯಲು ನೋಡಿದ ಹೆಂಡತಿ ಸ್ಕೈಲರ್ ಮೇಲೆ. ಆ ದ್ವೇಷ ಪಾತ್ರವನ್ನು ದಾಟಿ ತನ್ನ ಮೇಲೂ ಹರಿದುಬಂದ ಬಗೆಯನ್ನು ನಟಿ ಆನಾ ಗನ್ 2013ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಬರೆದರು. ಮರುಕ ಪಕ್ಷಪಾತವಾಗಿ ಹೆಪ್ಪುಗಟ್ಟಿದರೆ ಹೀಗಾಗುತ್ತದೆ. ‘ಹಾಗಾದರೆ ಅವನು ಮಾಡಿದ್ದೆಲ್ಲ ಸರಿಯೇ’ ಎಂದು ಕೇಳುವವರ ಆತಂಕದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ.

ಈ ಅಪಾಯವನ್ನು ಬಲ್ಲವನಂತೆ ಕಟ್ಟಿದ ಸಿನಿಮಾ ಫ್ರಿಟ್ಸ್ ಲಾಂಗ್‌ನ ‘ಎಂ’ (1931). ಮಕ್ಕಳನ್ನು ಕೊಲ್ಲುವವನೊಬ್ಬ ಅದರ ಕೇಂದ್ರದಲ್ಲಿದ್ದಾನೆ. ಇದಕ್ಕಿಂತ ಕಠಿಣವಾದ ಪರೀಕ್ಷೆ ಇನ್ನೊಂದಿಲ್ಲ. ಆದರೆ ಸಿನಿಮಾ ಮೊದಲು ತೋರಿಸುವುದು ಅವನನ್ನಲ್ಲ, ಶಾಲೆಯಿಂದ ಬಾರದ ಮಗಳಿಗಾಗಿ ಕಾಯುವ ತಾಯಿಯನ್ನು. ಆಮೇಲೆ ಕಳ್ಳರೂ ಕೊಲೆಗಡುಕರೂ ಸೇರಿ ನಡೆಸುವ ನ್ಯಾಯಾಲಯದಲ್ಲಿ ಆ ಕೊಲೆಗಾರನ ಪಾತ್ರದ ಪೀಟರ್ ಲೊರೆ ಮೊಣಕಾಲೂರಿ, ನೀವೆಲ್ಲ ಬೇಕೆಂದು ಅಪರಾಧ ಮಾಡುತ್ತೀರಿ, ನನಗೆ ಅದರಿಂದ ತಪ್ಪಿಸಿಕೊಳ್ಳಲಾಗುತ್ತಿಲ್ಲ ಎಂದು ಅರಚುವಾಗ, ಕೇಳುತ್ತಿದ್ದವರಲ್ಲಿ ಕೆಲವರ ತಲೆ ತಮಗರಿವಿಲ್ಲದೆ ಆಡುತ್ತದೆ. ನಮ್ಮದೂ ಆಡುತ್ತದೆ. ಮುಗಿಯುವಾಗ ಮತ್ತೆ ತಾಯಂದಿರು ಬರುತ್ತಾರೆ: ಯಾವ ತೀರ್ಪೂ ನಮ್ಮ ಮಕ್ಕಳನ್ನು ತಂದುಕೊಡುವುದಿಲ್ಲ. ರನ್ನ ದ್ರೌಪದಿಯ ಮಾತನ್ನು ಮೊದಲಿಗಿಟ್ಟಂತೆ ಲಾಂಗ್ ತಾಯಂದಿರನ್ನು ಎರಡೂ ತುದಿಗೆ ಇಟ್ಟಿದ್ದಾನೆ. ಅವರ ನಡುವೆ ಸಿಕ್ಕಿರುವುದರಿಂದಲೇ ಆ ಕೊಲೆಗಾರನಿಗೆ ನಾವು ಕೊಡುವ ಮರುಕ ಸುಳ್ಳಾಗುವುದಿಲ್ಲ.

ಖಳರ ಕಡೆಗೆ ನಮ್ಮ ಸೆಳೆತದ ಬಗ್ಗೆ ರೆಬೆಕಾ ಕ್ರೌಸ್ ಮತ್ತು ಡೆರೆಕ್ ರಕ್ಕರ್ 2020ರಲ್ಲಿ ‘ಸೈಕಲಾಜಿಕಲ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ನಿಜಜೀವನದಲ್ಲಿ ಕೆಟ್ಟವನೊಬ್ಬನಿಗೂ ನಮಗೂ ಹೋಲಿಕೆಯಿದೆ ಎಂದರೆ ನಾವು ಮುಜುಗರಪಟ್ಟು ದೂರ ಸರಿಯುತ್ತೇವೆ. ಕಥೆಯೊಳಗಾದರೆ ನಮ್ಮನ್ನು ಹೋಲುವ ಖಳನ ಕಡೆಗೇ ಹೆಚ್ಚು ಸೆಳೆಯಲ್ಪಡುತ್ತೇವೆ, ಏಕೆಂದರೆ ಅಲ್ಲಿ ನಮ್ಮ ಹೆಸರಿಗೆ ಮಸಿ ಹತ್ತುವ ಭಯವಿಲ್ಲ ಎಂಬುದು ಅದರ ಸಾರ. ಇದು ಸರಿಯಿದ್ದೀತು. ಆದರೆ ಆ ಹೋಲಿಕೆ ಸೆಳೆತವಾಗಿಯೇ ಉಳಿಯದೆ ಕಸಿವಿಸಿಯಾಗಿ ಮಾರ್ಪಡುವ ಕೃತಿಗಳೂ ಇವೆ.

ಹನ್ನೆರಡನೆಯ ಶತಮಾನದ ಆರಂಭದ ಕವಿ ನಾಗಚಂದ್ರನ ‘ರಾಮಚಂದ್ರಚರಿತ ಪುರಾಣ’ದ ರಾವಣ ನನಗೆ ಅಂಥವನು. ಜೈನ ಪರಂಪರೆಯ ಈ ರಾವಣ, ಒಲ್ಲದ ಹೆಣ್ಣನ್ನು ಮುಟ್ಟುವುದಿಲ್ಲವೆಂದು ವ್ರತ ತೊಟ್ಟವನು. ಸೀತೆಯನ್ನು ಕಂಡು ಅವನ ಚಿತ್ತ ಕದಡಿದಾಗ ಕವಿ, ಸಮುದ್ರವೂ ಒಮ್ಮೊಮ್ಮೆ ಕಾಲವಶದಿಂದ ಎಲ್ಲೆ ಮೀರುವುದಿಲ್ಲವೇ ಎನ್ನುತ್ತಾನೆ. ಇಲ್ಲಿಗೇ ನಿಂತಿದ್ದರೆ ಇದೂ ಒಂದು ಸಮಜಾಯಿಷಿಯಾಗಿ ಉಳಿಯುತ್ತಿತ್ತು. ಆದರೆ ರಾವಣ ತನ್ನ ತಪ್ಪನ್ನು ತಾನೇ ಅರಿಯುತ್ತಾನೆ. ರಾಮನಿಗೆ ಆಪತ್ತು ಬರುವುದೆಂದು ಕೇಳಿ ಮೂರ್ಛೆಹೋದ ಸೀತೆಯನ್ನು ಕಂಡು ಅವನ ಮೋಹ ಇಳಿದುಹೋಗುತ್ತದೆ, ಮಾಡಿದ್ದು ಅನ್ಯಾಯವೆಂದು ಮನಸ್ಸು ಒಪ್ಪುತ್ತದೆ, ಅವಳನ್ನು ಹಿಂದಕ್ಕೆ ಕೊಟ್ಟುಬಿಡಬೇಕೆಂದು ನಿರ್ಧರಿಸುತ್ತಾನೆ. ಕೊಡಲು ಯಾವ ಅಡ್ಡಿಯೂ ಇಲ್ಲ. ಆಗ ಅವನಿಗೆ ಇನ್ನೊಂದು ಯೋಚನೆ ಬರುತ್ತದೆ: ಈಗಲೇ ಕೊಟ್ಟರೆ ಹೆದರಿ ಕೊಟ್ಟನೆಂದು ಜನ ಆಡಿಕೊಂಡಾರು, ಮೊದಲು ಯುದ್ಧದಲ್ಲಿ ರಾಮ ಲಕ್ಷ್ಮಣರನ್ನು ಸೆರೆಹಿಡಿದು, ತನ್ನ ಬಲವನ್ನು ಲೋಕಕ್ಕೆ ತೋರಿಸಿ, ಆಮೇಲೆ ತಾನಾಗಿಯೇ ಸೀತೆಯನ್ನು ಒಪ್ಪಿಸಬೇಕು. ಮರುದಿನ ಯುದ್ಧಕ್ಕೆ ಹೋಗಿ ಲಕ್ಷ್ಮಣನ ಕೈಯಲ್ಲಿ ಸಾಯುತ್ತಾನೆ.

ಶಾಪವೂ ಅಲ್ಲ, ಬಾಲ್ಯದ ಗಾಯವೂ ಅಲ್ಲ, ಕೊನೆಗೆ ಕಾಮವೂ ಅಲ್ಲ. ಕೆಟ್ಟದ್ದನ್ನು ಬಿಟ್ಟುಕೊಡಲು ಸಿದ್ಧನಾದವನು, ಬಿಟ್ಟುಕೊಡುವಾಗ ಹೇಗೆ ಕಾಣುತ್ತೇನೆ ಎಂಬ ಒಂದೇ ಕಾರಣಕ್ಕೆ ಒಂದು ದಿನ ಮುಂದಕ್ಕೆ ಹಾಕಿದ. ಅವನ ಯೋಚನೆಯನ್ನು ಹೆಜ್ಜೆ ಹೆಜ್ಜೆಯಾಗಿ ಹಿಂಬಾಲಿಸಿದಾಗ, ಯಾವ ಹೆಜ್ಜೆಯಲ್ಲಿ ನಾನಾಗಿದ್ದರೆ ನಿಂತುಬಿಡುತ್ತಿದ್ದೆ ಎಂದು ಖಚಿತವಾಗಿ ಹೇಳಲು ನನಗೆ ಇದುವರೆಗೂ ಸಾಧ್ಯವಾಗಿಲ್ಲ.